ಭಾವನ ದನಿ

ಕಿವಿಗೆ ಹೊಸ ಯಂತ್ರ ಹಾಕಿಸಿಕೊಂಡ ಬಡಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಗಂಡ ಹೆಂಡತಿ; ಅಲ್ಲಿ ಆಡುವ ಮಾತೆಲ್ಲ ಬಡಗಿಗೆ ಈಗ ಚೆನ್ನಾಗಿ ಕೇಳುತ್ತಿತ್ತು. ಆಪರೇಷನ್ನಿನಲ್ಲಿ ಮಾತು ಕಳೆದುಕೊಂಡ ಗಂಡನ ತೊಡೆಯ ಮೇಲೆ, ಒತ್ತಿದ ಅಕ್ಷರಗಳನ್ನು ಗಟ್ಟಿಯಾಗಿ ಓದುವ ಯಂತ್ರವಿತ್ತು. ನರ್ಸ್ ಫಾರಂ ಹಿಡಿದು ಬಂದಳು.

“ಇದರಿಂದ ಅನುಕೂಲ ಆಗಿದೆಯಾ?”

“ತುಂಬಾ, ಸಿಸ್ಟರ್. ಅಂಗಡಿಗೆ ಒಬ್ಬರೇ ಹೋಗ್ತಾರೆ, ಫೋನಲ್ಲೂ ಮಾತಾಡ್ತಾರೆ,” ಎಂದ ಹೆಂಡತಿ ದನಿ ತಗ್ಗಿಸಿದಳು. “ಆದ್ರೆ ದನಿ ಬದಲಾಯಿಸಿಕೊಡಿ.”

“ನೀವೇ ತಂದುಕೊಟ್ಟ ದನಿ ಅಲ್ವಾ?”

“ಇವರದ್ದು ಎಲ್ಲೂ ರೆಕಾರ್ಡ್ ಆಗಿರ್ಲಿಲ್ಲ. ತೀರಿಕೊಂಡ ನಮ್ಮ ಭಾವನವರದ್ದು, ಅಂದ್ರೆ ಇವರ ಅಣ್ಣಂದು ಇತ್ತು, ಅದನ್ನೇ ಕೊಟ್ವಿ.”

“ಮನೇಲಿ ಯಾರಿಗಾದ್ರೂ ಬೇಜಾರಾಯ್ತಾ?”

“ಎಲ್ಲಿಯ ಬೇಜಾರು! ಕಣ್ಣು ಕಾಣದ ನಮ್ಮತ್ತೆ, ದೊಡ್ಡ ಮಗ ವಾಪಸ್ ಬಂದ ಅಂತ ಹಿಗ್ಗಿ ಹೋಗಿದ್ದಾರೆ. ಚಿಕ್ಕೋನು ಎಲ್ಲಿ ಅಂತ ಇವರನ್ನೇ ಕೇಳ್ತಾರೆ.”

“ಇವರೇನಂತಾರೆ?”

“ಕೆಲಸದ ಮೇಲೆ ಹೋಗಿದಾನೆ, ಬರ್ತಾನೆ ಅಂತಾರೆ. ಮೊದಮೊದಲು ನಗ್ತಾ ಹೇಳ್ತಿದ್ರು. ಈಗ ನಗಲ್ಲ.”

ನರ್ಸ್ ಗಂಡನ ಕಡೆ ತಿರುಗಿದಳು. “ದನಿ ಬದಲಾಯಿಸೋಣ್ವಾ ಸರ್?”

ಗಂಡನ ಬೆರಳುಗಳು ನಿಧಾನಕ್ಕೆ ಆಡಿದವು. ಯಂತ್ರದಿಂದ ತುಂಬುಗಂಟಲಿನ ದನಿ ಹೊರಟಿತು.

“ನನ್ನ ತಮ್ಮ ಬರಲಿ. ಅವನನ್ನೇ ಕೇಳಿ ಹೇಳ್ತೀನಿ.”

ಒಳಗಿನಿಂದ ಕರೆ ಬಂತು. ಗಂಡ ಎದ್ದು ನಡೆದ. ಹೆಂಡತಿ ಮೈ ಮುದುರಿಕೊಂಡು, ಪರಪುರುಷನ ಹಿಂದೆ ಹೋಗುವವಳಂತೆ, ನಾಲ್ಕು ಹೆಜ್ಜೆ ಹಿಂದುಳಿದೇ ಒಳಗೆ ಹೋದಳು.