ವಾಪಸ್ ಹೊರಟ ಜರ್ಸಿಗಳು

ಬಸ್ಸಿಗೆ ಕಾಯುತ್ತಿದ್ದ ಲ್ಯಾಬ್ ಟೆಕ್ನಿಷಿಯನ್ ಪಕ್ಕದಲ್ಲಿ ಇಬ್ಬರು ತಾಯಂದಿರು ಜರ್ಸಿಗಳ ಗಂಟು ಹಿಡಿದು ನಿಂತಿದ್ದರು. ಹೈಸ್ಕೂಲ್ ಫುಟ್‌ಬಾಲ್ ತಂಡದ ಬೆಂಬಲಿಗರ ಸಂಘದವರೆಂದು ಅವರ ಮಾತಿನಿಂದಲೇ ಆಕೆಗೆ ತಿಳಿಯಿತು.

"ಅಕ್ಕಾ, ನಿಜವಾಗ್ಲೂ ವಾಪಸ್ ಕೊಟ್ಬಿಡೋದಾ? ನಾಳೇನೇ ಮ್ಯಾಚು."

"ಮತ್ತೆ? ಜರ್ಸಿ ಕೊಡಿಸಿದ್ರು ಅಂತ ಸಾಹುಕಾರ್ರ ಮಗನ್ನೇ ಗೋಲಿಗೆ ನಿಲ್ಲಿಸ್ಬೇಕಾ? ಚೆಂಡು ಬಂದ್ರೆ ಕಣ್ಣು ಮುಚ್ಕೋತಾನೆ!"

"ಪಾಪ, ಆ ಹುಡುಗಾನೇ ಬೇಡ ಅಂದ್ನಂತೆ."

"ಅವರಪ್ಪ ಕೇಳ್ಬೇಕಲ್ಲ."

"ಹಾಗಾದ್ರೆ ನಮ್ಮ ಮಕ್ಕಳು ಏನ್ ಹಾಕ್ಕೊಂಡು ಆಡ್ತಾರೆ?"

"ಹಳೇ ಪಿಟಿ ಅಂಗಿಗಳಿಗೆ ಹಂಡೇಲಿ ಕೆಂಪು ಬಣ್ಣ ಹಾಕಿದೀನಿ. ಒಂದೊಂದು ಒಂದೊಂದು ಥರ ಬಂದಿದೆ."

"ಅಯ್ಯೋ, ನೋಡಿದೋರು ನಗಲ್ವಾ?"

"ನಗ್ಲಿ ಬಿಡೇ. ಬೆನ್ನ ಮೇಲೆ ಯಾರ ಅಂಗಡಿ ಹೆಸರೂ ಇರಲ್ಲ."

ಬಸ್ಸು ಬಂತು. ಕಿರಿಯಾಕೆ ಸೆರಗು ಬಿಗಿದುಕೊಂಡಳು.

"ಗಂಟು ಇತ್ಲಾಗೆ ಕೊಡಿ ಅಕ್ಕಾ. ಸಾಹುಕಾರ್ರ ಅಂಗಡಿ ಗಲ್ಲಾಪೆಟ್ಟಿಗೆ ಮೇಲೆ ನಾನೇ ಇಡ್ತೀನಿ," ಎಂದು ಮೊದಲು ಹತ್ತಿದಳು.