ಒಂದ ಕಂಬಳಿ ಮ್ಯಾಲ

…ಅಲ್ಲ, ಬಾಗಿಲಾ ತಗದು ಹಿಂಗ ಕಲ್ಲಿನಂಗ ನಿಂತ್ರ ನಾ ಹೊಳ್ಳಿ ಹೋಗತೀನಿ ಅಂತ ತಿಳದಿಯೇನು? ಖಾನಾಪುರದಿಂದ ಬಸ್ಸಿನ್ಯಾಗ ನಿಂತಕೊಂಡ ಬಂದೀನಿ. ಸರಿ ಆಚೆ, ಒಳಗ ಬಿಡು. ಕಲ್ಮೇಶ ಹಾಲು ತರಾಕ ಹೋಗ್ಯಾನ, ಗೊತ್ತೈತಿ. ಕೆಳಗ ನೋಡೇ ಬಂದೀನಿ, ಅವ ನನ್ನ ನೋಡಿಲ್ಲ. ಅವ ಬರೂದರಾಗ ನಂದು ನಿಂದು ಮಾತು ಮುಗೀಬೇಕು.

ನಾ ಯಾರಂತ ಗೊತ್ತೇನು? ಪ್ರಮಿಳಾ. ಅವನ ವೈನಿ. ಅವರಣ್ಣ ರಾಮಲಿಂಗನ ಹೇಣ್ತಿ. ಅವ ಸಾಲಿಗೆ ಹೋಗುವಾಗ ಡಬ್ಬಿ ಕಟ್ಟಿ ಕಳಿಸಿದಾಕಿ ನಾನು. ಅವರವ್ವಗ ಹೇಳಲಾರದ್ದು ನನಗ ಹೇಳತಾನ. ನಿಂದೂ ಹೇಳ್ಯಾನ. "ವೈನಿ, ಪೂನಮ ನಮ್ಮಂಗಲ್ಲ, ಆಕಿ ಹೊಳಿ ಮಂದಿ" ಅಂತ. ಎಷ್ಟು ಸಲೀಸ ಅಂದ… ಬಾಜೂ ಊರಿನಾಕಿ ಅಂದಂಗ. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿದ್ದೂ ನನಗ ಗೊತ್ತಾಗಲಿಲ್ಲ.

ಯಾಕ ನಗತಿ?

ನಗಬ್ಯಾಡ. ಮಲಪ್ರಭಾ ಹೊಳ್ಯಾಗ, ಮಡುವಿನ ತಳದಾಗ ಹುಟ್ಟಿದಾಕಿ ನೀನು. ಇಲ್ಲಿ ಬೆಳಗಾವಿ ಸದಾಶಿವನಗರದಾಗ ಚೂಡಿದಾರ ಹಾಕ್ಕೊಂಡು ಸ್ಕೂಟಿ ಹೊಡಕೊಂತ ಕಾಲೇಜಿಗೆ ಹ್ವಾದ್ರ ಹೊಳಿ ನಿನ್ನ ಮೈ ಬಿಟ್ಟು ಹೋಗತೈತೇನು? ನಮ್ಮದು ಕುರಿ ಕಾಯೂ ಮನಿ. ಉಣ್ಣಿ ಕತ್ತರಸೂ ಮುಂದ ಕುರಿ ತೊಳಿಯಾಕ ಆ ಮಡುವಿಗೇ ಹೋಗತಿದ್ರು. ಕುರಿ ಮೈಯಾನ ಜಿಡ್ಡು ನಮ್ಮ ಮನಿಗಳಾಗ ಇಳೀತೈತಿ, ಕೂಸುಗಳಿಗೆ ಉಸರ ಕಟ್ಟತೈತಿ ಅಂತ ನಿಮ್ಮ ಮಂದಿಗೆ ಸಿಟ್ಟು. ಮದಲ ಕುರಿ ಎಳದ್ರು. ಆಮ್ಯಾಲ ನಮ್ಮ ಮಾವನ ತಮ್ಮ ಮುತ್ತಪ್ಪನ್ನ ಎಳದ್ರು. ಹೆಣಾನೂ ಸಿಗಲಿಲ್ಲ.

ನಮ್ಮವರು ಸುಮ್ಮನಿದ್ರೇನು? ಇಲ್ಲ. ಸುಣ್ಣಾ ಸುರದ್ರು, ಚೀಲಗಟ್ಟಲೆ. ಆ ಬ್ಯಾಸಗ್ಯಾಗ ಮಡುವಿನ್ಯಾಗ ಎಷ್ಟು ಮಂದಿ ಕಣ್ಣು ಕಳಕೊಂಡ್ರು ಅಂತ… ಹಂಗ ನೋಡಬ್ಯಾಡ. ಅದು ನಿಮ್ಮ ಮಂದಿ ದುಃಖ. ನನಗೇನು.

ನಮ್ಮತ್ತಿ ಭೀಮಕ್ಕ ಇನ್ನೂ ಸುಣ್ಣದ ಚೀಲ ಹಿತ್ತಲದಾಗ ಇಟ್ಟಾಳ. ಆಕಿಗೆ ನಿನ್ನ ಸುದ್ದಿ ಗೊತ್ತಾತಂದ್ರ ಸಂಜೀಕನ ಹೊಳಿಗೆ ಹೊಂಡತಾರ. ನಿಮ್ಮವ್ವ ಅಲ್ಲೇ ಅದಾಳಲ್ಲ? ಅದಕ್ಕ ಹೇಳತೀನಿ, ಅವನ್ನ ಬಿಡು. ನಿನ್ನ ಅರಿವಿ ತುಂಬಕೋ, ಈಗಿಂದೀಗ ಹೋಗು.

ಒಲ್ಲೆ ಅಂತಿ. ತಲಿ ಅಲ್ಲಾಡಸಾಕ ಬರತೈತಿ, ಬಾಯಿ ಬಿಡಾಕ ಬರೂದಿಲ್ಲ.

ಛಲೋ ಆತು. ಹಂಗಾರ ಈ ಚೀಲ ನೋಡು. ಬೆಳಗಾವ್ಯಾಗ ಚಳಿ ಐತಿ, ಕಲ್ಮೇಶಗ ಕೊಡು ಅಂತ ನಮ್ಮತ್ತಿ ತನ್ನ ಕೈಯಾರೆ ಪೆಟಿಗ್ಯಾಗಿಂದ ತಗದು ಹಾಕ್ಯಾಳ. ಕಂಬಳಿ. ಕರೀ ಕುರಿ ಉಣ್ಣೀದು. ಜಡಿಮಳಿಗೂ ಜಗ್ಗೂದಿಲ್ಲ ಇದು, ಆದ್ರ ಹೊಳಿ ಮಂದಿ ಬೆರಳು ತಾಗಿದ್ರ ತೊಯ್ದು ತೊಪ್ಪಿ ಆಗತೈತಿ. ಹೊಸಾ ಸೊಸಿ ಬಂದ ದಿನ ಮಂದಿ ಮುಂದ ಇದರ ಮ್ಯಾಲ ಕುಂದರಬೇಕು. ಆಕಿ ಬಾಜೂಕ ಹಿರೇ ಸೊಸಿ ಕುಂದರಬೇಕು, ಒಂದ ಕಂಬಳಿ ಮ್ಯಾಲ. ಆಮ್ಯಾಲನ ಅವರು ನೆಗೆಣ್ಣಿ. ಹಂಗೈತಿ ಪದ್ಧತಿ.

ಏನು? ನಾನಾ? ನನ್ನ ಮದುವಿ ಮಂಗಲ ಕಾರ್ಯಾಲಯದಾಗ ಆತು. ಕೆಂಪು ಸೋಫಾ ಇಟ್ಟಿದ್ರು, ಕಂಬಳಿ ಪೆಟಿಗ್ಯಾಗ ಉಳೀತು. ಅದನ್ಯಾಕ ಕೇಳತಿ… ಕೇಳಿಲ್ಲ? ಕಣ್ಣಿಲೆ ಕೇಳಿದಿ.

ತಗೋ, ಚೀಲಾ ಬೋರಲ ಹಾಕೀನಿ. ಕುಂದ್ರು ಇದರ ಮ್ಯಾಲ. ತಡಿ, ತುದಿ ಮಡಚಿ ಬಿದ್ದೈತಿ… ಹಾಂ, ಈಗ ಸರಿ ಆತು.

ಏನ ನೋಡತಿ? ಚಪ್ಪಲಿ ಕಾಲಿಲೆ ಸರಿಸಿದೆ ಅಂತನಾ? ಸೊಂಟಾ ನೋವೈತಿ ನನಗ, ಬಗ್ಗಾಕ ಆಗೂದಿಲ್ಲ. ಕಲ್ಮೇಶ ಹೇಳ್ಯಾನೇನು, ಅವರ ಮನ್ಯಾಗ ಕಂಬಳಿಗೆ ಅಪ್ಪಿತಪ್ಪಿ ಕಾಲು ತಾಗಿದ್ರ ಕಣ್ಣಿಗೆ ಒತ್ಕೋತಾರಂತ? ಅವರ ಮನಿ ಅಂದೆನೇನು… ನಮ್ಮ ಮನಿ. ನಮ್ಮ ಮನ್ಯಾಗ.

ಕುಂತಿ. ಕುಂತೇ ಬಿಟ್ಟಿ. ಹೆದರಿಕಿನ ಇಲ್ಲ ನಿನಗ.

ನೋಡೀಗ ನಿನ್ನ ಸುತ್ತ. ತೊಯ್ತು. ಹೆಂಗ ಹರಡಾಕತ್ತೈತಿ ನೀರು. ಇದನ್ನ ಒಯ್ದು ಭೀಮಕ್ಕನ ಮುಂದ ಹಿಂಡಿದ್ರ ಮುಗೀತು ನಿಂದು. ಈಗರ ಅಳು. ಕೈ ಮುಗಿ. ನನ್ನ ಕಾಲಿಗರ ಬೀಳು…

ಯಾಕ ಸರೀತಿ? ಜಾಗಾ ಯಾರಿಗೆ ಮಾಡತಿ?

ಬ್ಯಾಡ. ಹಂಗ ಕೈಲೆ ತಟ್ಟಿ ಕರೀಬ್ಯಾಡ ನನ್ನ. ನಾ ನಿಂತೇ ಇರತೀನಿ. ಸೊಂಟಾ ನೋವಂತ ಹೇಳಲಿಲ್ಲೇನು? ನೀ ಏನರ ಕಲ್ಮೇಶಗ ಹೇಳಿದ್ರ… ರಾಮಲಿಂಗಗೂ ಗೊತ್ತಿಲ್ಲ ಇದು. ಬಾಯಿ ಬಿಡು. ಬೈಯಿ ನನಗ. ಒಂದು ಮಾತರ ಆಡು, ನಾ ತಿರುಗಿ ಬೈತೀನಿ. ಹಿಂಗ ಸುಮ್ಮ ಕುಂತ್ರ ನಾ ಏನ ಮಾಡಲಿ?

ನೀ ಆ ಮನಿಗೆ ಬಂದ್ರ ನಾನೂ ಕುಂದರಬೇಕಲ್ಲ, ಪೂನಮ. ಭೀಮಕ್ಕನ ಮುಂದ, ಅಷ್ಟೂ ಮಂದಿ ಮುಂದ. ನಾನೂ ನಿನ್ನಂಗ ಒಬ್ಬನ್ನ ಮೆಚ್ಚಿ ಬಂದಾಕಿ. ಮನಿತುಂಬ ಕಂಬಳಿ ಇದ್ರೂ ಚಳಿಗಾಲದಾಗ ತೆಳ್ಳನ ಚಾದರ ಹೊತ್ಕೊಂಡು ನಡಗೀನಿ. ಉಣ್ಣಿ ಮೈಗೆ ಒಗ್ಗೂದಿಲ್ಲ ಅಂತ ಸುಳ್ಳ ಹೇಳಿಕೊಂತ ಬಾಳೇ ಮಾಡೀನಿ. ನೀ ಬರಬಾರದು ಅಂತನ ಇಷ್ಟು ಬೈದೆ. ಅವನ ಸಲುವಾಗಿ ಅಲ್ಲ. ನನ್ನ ಸಲುವಾಗಿ.

ಮೆಟ್ಟಲದಾಗ ಸಪ್ಪಳ ಐತಿ. ಕಲ್ಮೇಶ ಬಂದ.

ತಡಿ, ಚಪ್ಪಲಿ ಬಿಡತೀನಿ… ಸರಿ. ಇನ್ನಷ್ಟು ಸರಿ.

ಆ ಮಡುವಿನ್ಯಾಗ ದೊಡ್ಡ ಕಲ್ಲಿನ ಬುಡಕ ಒಬ್ಬಾಕಿ ಕುರುಡಿ ಇದ್ಲು, ಸುಣ್ಣಾ ಬಿದ್ದು ಕಣ್ಣು ಹ್ವಾದಾಕಿ. ಇನ್ನೂ ಅದಾಳೇನು? ಇದೊಂದಕ್ಕರ ಬಾಯಿ ಬಿಡು. ನಮ್ಮವ್ವ ಆಕಿ.