ಮೊಮ್ಮಗನಿಗೆಂದು ಆರಿಸಿದ ರೆಕಾರ್ಡು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಹಳೇ ರೆಕಾರ್ಡ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಗಾನವಿಗೆ ಎದುರಿನಿಂದಲೇ ಕನ್ನಡ ಕೇಳಿಸಿತು. ಅರವತ್ತು ದಾಟಿದ ಗಂಡ ಹೆಂಡತಿ; ಇಲ್ಲಿ ಯಾರಿಗೆ ಅರ್ಥವಾದೀತೆಂಬ ಧೈರ್ಯದಲ್ಲಿ ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ಗಂಡನ ಕೈಯಲ್ಲೊಂದು ಎಲ್‌ಪಿ ರೆಕಾರ್ಡ್ ಇತ್ತು, ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ್ದು. ತಾನೂ ಕನ್ನಡದವಳೆಂದು ಹೇಳಲು ಬಾಯಿ ತೆರೆದ ಗಾನವಿ ಹೆಂಡತಿಯ ಬಿರುಸು ದನಿ ಕೇಳಿ ತಡೆದುಕೊಂಡಳು.

“ಮನೇಲಿ ಇದೇ ಇದೆಯಲ್ಲ, ಮತ್ಯಾಕೆ?”

“ಮೊಮ್ಮಗನಿಗೆ, ಉಮಾ. ಸೋಲ್‌ನಲ್ಲಿ ಇದಕ್ಕಿಂತ ದೊಡ್ಡ ಆಲ್ಬಂ ಬಂದಿಲ್ಲ. ಈಗಿನವರೆಲ್ಲ ಇದನ್ನ ಕೇಳ್ಕೊಂಡೇ ಕಲಿತಿರೋದು. ತಲೆಮಾರಿಂದ ತಲೆಮಾರಿಗೆ ಹೋಗ್ಬೇಕು.”

“ನೀವು ಅವನ ಮುಖಾನೇ ನೋಡಿಲ್ಲ.”

“ಅದಕ್ಕೇ ಪೋಸ್ಟಲ್ಲಿ ಕಳಿಸೋಣ ಅಂತ.”

“ಹಾಲ್‌ನ ಗೋಡೆ ತುಂಬ ಕಪ್ಪು ಹಾಡುಗಾರರ ಫೋಟೋ ಹಾಕ್ಕೊಂಡಿದ್ದೀರಿ. ಸ್ವಂತ ಮಗಳು ಪ್ರೇರಣಾ ಅದೇ ಬಣ್ಣದ ಹುಡುಗನ್ನ ಕರ್ಕೊಂಡು ಬಂದ್ರೆ ಬಾಗಿಲಿಂದಲೇ ವಾಪಸ್ ಕಳಿಸಿದ್ರಿ.”

“ಜನ ಏನಂತಾರೋ ಅಂತ ಅವತ್ತು ನೀನೂ ಸುಮ್ನಿದ್ದೆ.”

“ಇದ್ದೆ.”

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.

“ಮಗು ಇದನ್ನ ಕೇಳಲಿ, ಉಮಾ. ತಾತ ಕೊಟ್ಟಿದ್ದು ಅಂತ ಗೊತ್ತಾಗಲಿ.”

“ಹುಟ್ಟಿದಾಗಿಂದ ಕೇಳ್ತಿದ್ದಾನೆ. ಮಲಗೋವಾಗ ಇದೇ ರೆಕಾರ್ಡ್ ಹಾಕ್ಬೇಕಂತೆ. ಪ್ರೇರಣಾ ಫೋನಲ್ಲಿ ಹೇಳಿದ್ಲು.”

ಗಂಡನ ಮುಖ ಅರಳಿತು. “ಹೌದಾ? ನಾನು ಅವಳನ್ನ ಮಲಗಿಸ್ತಿದ್ದ ಹಾಗೇ. ಮರೆತಿಲ್ಲ ನೋಡು.”

“ಅವಳಲ್ಲ, ಅವಳ ಮಾವ ಹಾಕೋದು, ಆ ಹುಡುಗನ ಅಪ್ಪ. ಮಗು ಅವರನ್ನೇ ತಾತ ಅನ್ನೋದು, ಕನ್ನಡದಲ್ಲಿ. ಹೇಳಿಕೊಟ್ಟಿದ್ದು ಪ್ರೇರಣಾನೇ.”

ಕೌಂಟರಿನ ಹುಡುಗಿ ಕರೆದಳು. ಗಂಡ ಹೋಗಲಿಲ್ಲ. ರೆಕಾರ್ಡನ್ನು ಸಿಕ್ಕಿದ ಕಪಾಟಿನಲ್ಲಿ ತುರುಕಿ, ಸಾಲು ಬಿಟ್ಟು ಬಾಗಿಲಿನತ್ತ ನಡೆದರು. ಹಿಂದೆಯೇ ಹೊರಟ ಉಮಾಗೆ ದಾರಿ ಬಿಡುತ್ತ ಗಾನವಿ “ಸಾರಿ” ಅಂದಳು, ಕನ್ನಡವೇ ಬಾರದವಳ ಹಾಗೆ, ಆದಷ್ಟೂ ಇಂಗ್ಲಿಷರ ಧಾಟಿಯಲ್ಲಿ.